ಅಕ್ಷರಸಂಕೇತಾಂತರವೂ ಗ್ರಂಥಸಂಪಾದನೆಯೂ

ಓಲೆಗರಿಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರನ ಸ್ಖಾಲಿತ್ಯಗಳನ್ನು ಕುರಿತು ನಮ್ಮ ಸಂಪಾದಕರು ಬಹಳವಾಗಿ ವಿಚಾರಮಾಡಿರುವರು. ಈಗ ಆ ಲಿಪಿಕಾರನ ಸ್ಥಾನದಲ್ಲಿ ಗಣಕಯಂತ್ರವು ನಿಂತಿದೆ. ಹಳೆಯ ಸಂಕೇತದಲ್ಲಿ ಬೆರಳಚ್ಚಾದ ಕನ್ನಡ ಕಡತವನ್ನು ಯೂನಿಕೋಡಿಗೆ ಮಾರ್ಪಡಿಸುವುದನ್ನು ಗುಂಡಿಯೊತ್ತಿದರೆ ಮುಗಿಯುವ ಕೆಲಸವೆಂದು ಅನೇಕರು ಎಣಿಸುತ್ತಾರೆ. ಅದು ಗ್ರಂಥಸಂಪಾದನೆಯ ಒಂದು ಅಂಗವೆಂದೂ, ಆ ಶಿಸ್ತಿಗೆ ಒಳಪಡಬೇಕೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಪ್ರಸಕ್ತಿಯು ನನ್ನ ಸ್ವಂತದ್ದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಶಾಸನಗಳನ್ನೂ ಸ್ಥಳನಾಮಗಳನ್ನೂ ಕುರಿತು ನಾನು ಹಲವು ವರ್ಷ ಕೂಡಿಸಿದ ಟಿಪ್ಪಣಿಗಳು ‘ನುಡಿ’ಯಲ್ಲಿ ಬೆರಳಚ್ಚಾಗಿದ್ದುವು. ಒಂದು ಮುದ್ರಣಾಲಯದವರು ಅವನ್ನು ಯೂನಿಕೋಡಿಗೆ ಮಾರ್ಪಡಿಸಿ ಕರಡು ಕಳುಹಿಸಿದರು. ರಾಮನಗರದ ಹಿಂದಿನ ಹೆಸರಾದ ‘ಕ್ಲೋಸ್‌ಪೇಟೆ’ಯು ಅದರಲ್ಲಿ ಎಲ್ಲೆಡೆಯೂ ‘ಕ್ಲೋಸ್ಪೇಟೆ’ ಆಗಿದ್ದಿತು. ಶಾಸನಪಾಠಗಳ ರೇಫಗಳು ಸ್ಥಾನಪಲ್ಲಟವಾಗಿದ್ದುವು. ರೋಮನ್ ಲಿಪಿಯಲ್ಲಿದ್ದ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳ ರಾಶಿಯಾಗಿದ್ದುವು.

ಇದರ ಕಾರಣವನ್ನು ತಿಳಿಯಬೇಕಾದರೆ ಹಳೆಯ ಸಂಕೇತದ ಸ್ವರೂಪವನ್ನು ನೋಡಬೇಕು. ಎಂಟು ಬಿಟ್ಟುಗಳ ಸಂಕೇತದಲ್ಲಿ ೨೫೬ ಸ್ಥಾನಗಳಿಗಿಂತ ಹೆಚ್ಚಿಲ್ಲ. ಕನ್ನಡದ ಗುಣಿತಾಕ್ಷರಗಳೂ ಒತ್ತಕ್ಷರಗಳೂ ಅದರಲ್ಲಿ ಹಿಡಿಯವು. ಆದುದರಿಂದ ಅಕ್ಷರಗಳನ್ನು ಒಡಲು, ತಲೆಕಟ್ಟು, ಕೊಂಬು, ಒತ್ತು ಎಂದು ತುಂಡರಿಸಿ, ಆ ತುಂಡುಗಳಿಗೆ ರೋಮನ್ ಮೊದಲಾದ ಅಕ್ಷರಗಳ ಸ್ಥಾನಗಳನ್ನೇ ಕೊಟ್ಟರು. ‘ಕನ್ನಡ’ ಎಂಬ ಪದಕ್ಕೆ ನುಡಿಯಲ್ಲಿ ೭ ಸಂಕೇತಗಳು, ಯೂನಿಕೋಡಿನಲ್ಲಿ ೫. ‘ಧರ್ಮ’ಕ್ಕೆ ಅಲ್ಲಿ ೭, ಇಲ್ಲಿ ೪. ಒಂದು ಸಂಕೇತವು ಕಣ್ಣಿಗೆ ಕಾಣುವ ಆಕಾರವನ್ನು ಬರೆಯುತ್ತದೆ, ಮತ್ತೊಂದು ಉಚ್ಚಾರಣೆಯ ಕ್ರಮವನ್ನು ಬರೆಯುತ್ತದೆ.

ಇಲ್ಲಿ ವೈಯಾಕರಣರ ಉತ್ಸರ್ಗಾಪವಾದ ನ್ಯಾಯವು ಅಕ್ಷರಶಃ ಅನ್ವಯಿಸುವುದು. ‘ಕು’ ಎಂಬಲ್ಲಿ ಉಕಾರವನ್ನು ಸೂಚಿಸುವ ಕೊಂಬೇ ವಕಾರದ ಒಡಲಿನ ಮುಂದೆ ಬಂದರೆ ‘ಮ’ ಆಗುತ್ತದೆ. ‘ವು’ ಬರೆಯಲು ಬೇರೊಂದು ಕೊಂಬು ಬೇಕು. ಅನುಸ್ವಾರದ ಸೊನ್ನೆಯೇ ಬೇರೆ ಮೂರು ತುಂಡುಗಳೊಡನೆ ಸೇರಿ ‘ಯ’ ಆಗುತ್ತದೆ. ಆದುದರಿಂದ ಮಾರ್ಪಡಿಸುವ ಸಾಧನವು ದೀರ್ಘವಾದ ವಿಶೇಷವಿಧಿಗಳನ್ನು ಮೊದಲು ನೋಡಿ, ಸಾಮಾನ್ಯವಿಧಿಯನ್ನು ಅನಂತರ ಪ್ರಯೋಗಿಸಬೇಕು. ಈ ಕ್ರಮ ತಪ್ಪಿದರೆ ಯಕಾರಗಳೆಲ್ಲವೂ ಅನುಸ್ವಾರಗಳಾಗುವುವು.

ರೇಫದ ವಿಷಯವು ಇನ್ನೂ ಸೂಕ್ಷ್ಮವಾದುದು. ‘ಧರ್ಮ’ದ ಅರ್ಕಾವೊತ್ತನ್ನು ಹಳೆಯ ಸಂಕೇತವು ಮಕಾರದ ತರುವಾಯ ಇಡುತ್ತದೆ, ಯೂನಿಕೋಡಿನಲ್ಲಿ ರೇಫವು ಮಕಾರದ ಮುನ್ನ ನಿಲ್ಲಬೇಕು. ಶಾಸನಗಳಲ್ಲಿಯೋ ರೇಫದ ಮುಂದಿನ ವ್ಯಂಜನಕ್ಕೆ ದ್ವಿತ್ವವು ಸಾಮಾನ್ಯ: ‘ಧರ್ಮ್ಮ’. ಇಲ್ಲಿ ರೇಫವು ಒತ್ತನ್ನೂ ದಾಟಿ ಅಕ್ಷರದ ಆದಿಗೆ ಹೋಗಬೇಕು. ಒಂದೇ ಹೆಜ್ಜೆ ಹಿಂದಕ್ಕೆ ಹೋಗುವ ಸಾಧನದಲ್ಲಿ ಅದು ಎರಡು ಮಕಾರಗಳ ನಡುವೆ ಸಿಕ್ಕಿಬೀಳುವುದು. ಇಂದಿನ ವ್ಯಾವಹಾರಿಕ ಪತ್ರಗಳಲ್ಲಿ ಎದ್ದುಕಾಣದ ಈ ದೋಷವು ಶಾಸನಪಾಠದಲ್ಲಿ ಪಂಕ್ತಿಪಂಕ್ತಿಗೂ ಬರುತ್ತದೆ.

‘ಕರಡು ತಿದ್ದುವವರು ಇವನ್ನೆಲ್ಲ ಸರಿಪಡಿಸಿಕೊಳ್ಳುವರು, ಚಿಂತೆಯೇಕೆ?’ ಎಂದು ಕೆಲವರು ಆಕ್ಷೇಪಿಸಬಹುದು. ಒಡೆದ ಅಕ್ಷರವು ಕಣ್ಣಿಗೆ ಬೀಳುವುದು ನಿಜ. ‘ಕ್ಲೋಸ್ಪೇಟೆ’ಯಾದರೋ ನೋಡಲು ಶುದ್ಧರೂಪದಂತೆಯೇ ಇದೆ, ಸಕಾರ ಪಕಾರಗಳನ್ನು ಬೇರ್ಪಡಿಸುವ ಅದೃಶ್ಯಸಂಕೇತವನ್ನು ಸಾಧನವು ಇಡಲಿಲ್ಲವೆಂಬುದು ಪದವನ್ನು ಬಲ್ಲವನಿಗೆ ಮಾತ್ರ ತಿಳಿಯುವುದು. ಅಂಕೆಯ ಸೊನ್ನೆಯನ್ನೇ ಅನುಸ್ವಾರವಾಗಿ ಒತ್ತಿದ ‘ಬೆ೦ಗಳೂರು’ ಮುದ್ರಣದಲ್ಲಿ ಯಾರಿಗೂ ದೋಷವಾಗಿ ಕಾಣದು. ಯಂತ್ರದಲ್ಲಿ ಆ ಹೆಸರನ್ನು ಹುಡುಕಿದವನಿಗೆ ಮಾತ್ರ ಅದು ದೊರೆಯದು. ಹೀಗೆ ಗ್ರಾಮದ ಹೆಸರು ಪುಟದಲ್ಲಿದ್ದೂ ಶೋಧಕನಿಗೆ ಇಲ್ಲದಂತಾಗುವುದು. ೨೦೦೭ರಲ್ಲಿ ಒಂದು ಜಿಲ್ಲೆಯಾಗಿ ಸೇರಿದ ಈ ಸೀಮೆಗೆ ‘ಬೆಂಗಳೂರು ದಕ್ಷಿಣ’ ಎಂಬ ಹೆಸರನ್ನಿಡಲು ೨೦೨೫ರಲ್ಲಿ ರಾಜ್ಯ ಮಂತ್ರಿಮಂಡಲವು ಒಪ್ಪಿತು. ಹೆಸರುಗಳು ಹೀಗೆ ಬದಲಾಗುವ ಕಡೆಯಲ್ಲಿ ಹಿಂದಿನ ರೂಪಗಳು ಯಥಾವತ್ತಾಗಿ ಉಳಿಯುವುದು ಮತ್ತಷ್ಟು ಆವಶ್ಯಕ.

ಹಾಗಾದರೆ ಹಳೆಯ ಪುಟಗಳ ಚಿತ್ರವನ್ನೇ ಇಟ್ಟುಕೊಂಡರೆ ಸಾಲದೇ? ಚಿತ್ರವು ಆಕಾರವನ್ನು ಕಾಯುತ್ತದೆ, ಹುಡುಕಲು ಎಡೆಗೊಡದು. ಎರಡೂ ಬೇಕು.

ಹಳೆಯ ತಂತ್ರಾಂಶಗಳ ಕರ್ತೃಗಳನ್ನು ದೂಷಿಸುವುದು ನನ್ನ ಅಭಿಪ್ರಾಯವಲ್ಲ. ೧೯೯೧ರ ಮೊದಲನೆಯ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ ಅದನ್ನು ತೆರೆಯ ಮೇಲೆ ಮೂಡಿಸುವ ಸೌಕರ್ಯವು ಜನಸಾಮಾನ್ಯರ ಗಣಕಗಳಿಗೆ ಬರಲು ವರ್ಷಗಳೇ ಹಿಡಿದುವು. ಆ ಅಂತರದಲ್ಲಿ ೧೯೯೮ರ ‘ಬರಹ’ವೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಕನ್ನಡವನ್ನು ಗಣಕದಲ್ಲಿ ನಡೆಸಿದುವು. ಯೂನಿಕೋಡಾದರೂ ನಿರ್ದುಷ್ಟವಲ್ಲ: ಹಳಗನ್ನಡದ ‘ೞ’ಕಾರಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮದಿಂದ ಅದನ್ನು ಉಳಿಸಿ, ಶುದ್ಧನಾಮವನ್ನು ಉಪನಾಮವಾಗಿ ಸೇರಿಸಿದ್ದಾರೆ. ತಪ್ಪನ್ನು ಮರೆಮಾಡದೆ ತಿದ್ದುಪಡಿಯನ್ನು ಪಕ್ಕದಲ್ಲಿಟ್ಟ ಈ ರೀತಿಯು ಸಂಪಾದಕರಿಗೆ ಅನುಕರಣೀಯ.

ಇದೇ ಸೀಮೆಯ ಶಾಸನಗಳನ್ನು ರೈಸ್ ಮಹಾಶಯರು ೧೯೦೫ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ೯ನೆಯ ಸಂಪುಟವಾಗಿ ಪ್ರಕಟಿಸಿದಾಗ ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರನ್ನೂ ಕೊಟ್ಟರು. ಒಂದರಲ್ಲಿ ಸಂಶಯ ಬಂದರೆ ಮತ್ತೊಂದನ್ನು ನೋಡಬಹುದು. ಆ ವಿವೇಕವೇ ಇಲ್ಲಿಯೂ ಸಾಕು. ಮೂಲ ಕಡತವನ್ನೂ ಅದರ ಅಕ್ಷರಶೈಲಿಯನ್ನೂ ಕೆಡಿಸದೆ ಇಡಬೇಕು. ಯಾವ ಸಾಧನದಿಂದ ಮಾರ್ಪಡಿಸಿತೆಂಬುದನ್ನು ಪೀಠಿಕೆಯಲ್ಲಿ ಹೇಳಬೇಕು. ಕಾರ್ಯಾರಂಭಕ್ಕೆ ಮೊದಲೇ ‘ಧರ್ಮ್ಮ’, ‘ಕ್ಲೋಸ್‌ಪೇಟೆ’ ಮುಂತಾದ ಕಠಿನರೂಪಗಳಿಂದ ಸಾಧನವನ್ನು ಪರೀಕ್ಷಿಸಬೇಕು. ಹೆಸರುಗಳನ್ನೂ ಅಂಕೆಗಳನ್ನೂ ಮೂಲದೊಡನೆ ಮನುಷ್ಯನೇ ಒತ್ತಟ್ಟಿಗಿಟ್ಟು ಓದಬೇಕು.

ನನ್ನ ಟಿಪ್ಪಣಿಗಳ ಮೂಲ ಕಡತವು ಉಳಿದಿದ್ದುದರಿಂದ ಕ್ಲೋಸ್‌ಪೇಟೆಯು ತನ್ನ ಹೆಸರನ್ನು ಮರಳಿ ಪಡೆಯಿತು. ಮೂಲವನ್ನು ಅಳಿಸಿದವರಿಗೆ ಅಷ್ಟೂ ಸಾಧ್ಯವಾಗದು.