ಉತ್ಸವಮೂರ್ತಿಯಾದ ಅರಸು: ಬ್ಯಾಜಟನ ವಾದದ ಒಂದು ಪರಿಶೀಲನೆ

ಅರಸನು ಆಳದೆಯೂ ಅರಸನಾಗಿ ಉಳಿಯಬಹುದೆಂಬುದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ವಾಲ್ಟರ್ ಬ್ಯಾಜಟನು ಅಗ್ರಗಣ್ಯನು. 1867ರಲ್ಲಿ ಪುಸ್ತಕರೂಪವಾಗಿ ಹೊರಬಂದ ಆತನ ‘ದಿ ಇಂಗ್ಲಿಷ್ ಕಾನ್‌ಸ್ಟಿಟ್ಯೂಷನ್’ ಅಲಂಕಾರಮಾತ್ರದ ಅರಸೊತ್ತಿಗೆಯನ್ನು ಸಮರ್ಥಿಸುವವರಿಗೆ ಇಂದಿಗೂ ಆಧಾರಗ್ರಂಥ. ಬ್ಯಾಜಟನ ಪ್ರಕಾರ ರಾಜ್ಯಾಂಗದಲ್ಲಿ ಎರಡು ಭಾಗಗಳುಂಟು. ಜನರ ಗೌರವವನ್ನು ಸೆಳೆಯುವುದು ಒಂದು; ಆ ಗೌರವದ ಬಲದಿಂದ ಕಾರ್ಯ ನಡೆಸುವುದು ಮತ್ತೊಂದು. ದೇವಾಲಯದ ಪರಿಭಾಷೆಯಲ್ಲಿ ಹೇಳುವುದಾದರೆ ಸಿಂಹಾಸನದಲ್ಲಿರುವ ರಾಣಿಯು ಬೀದಿಗೆ ಬರುವ ಉತ್ಸವಮೂರ್ತಿ, ಮಂತ್ರಿಮಂಡಲವು ಗರ್ಭಗುಡಿಯ ಮೂಲವಿಗ್ರಹ. ಸಿಂಹಾಸನಕ್ಕೆ ಉಳಿದ ಹಕ್ಕುಗಳು ಮೂರೇ: ಮಂತ್ರಿಗಳು ತನ್ನೊಡನೆ ಸಮಾಲೋಚಿಸಬೇಕೆಂಬುದು, ಪ್ರೋತ್ಸಾಹಿಸುವುದು, ಎಚ್ಚರಿಸುವುದು.

ವಾದವೇನೋ ಸೊಗಸಾಗಿದೆ. ಅದರ ತಳಹದಿ ಸೊಗಸಾದುದಲ್ಲ. ಸಾಮಾನ್ಯ ಜನಕ್ಕೆ ಸಭೆ, ಪಕ್ಷ, ಮತಗಣನೆಗಳ ತೊಡಕು ಅರಿವಾಗದು. ಒಂದು ಮನೆತನ, ಅದರಲ್ಲೊಂದು ಮದುವೆ ಅರಿವಾಗುತ್ತದೆ. ಆದಕಾರಣ ನಿಜವಾದ ಆಳ್ವಿಕೆಯ ಮೇಲೆ ಅರಮನೆಯ ತೆರೆಯೊಂದು ಇರಲಿ ಎಂಬುದು ಗ್ರಂಥಕರ್ತನ ಆಶಯ. ದೇವಾಲಯದ ಹೋಲಿಕೆ ಇಲ್ಲಿಯೇ ಮುರಿದುಬೀಳುತ್ತದೆ. ತೇರಿನ ಹಗ್ಗ ಹಿಡಿದ ಭಕ್ತನಿಗೆ ಒಳಗೆ ಮೂಲವಿಗ್ರಹವಿದೆಯೆಂಬುದು ಗೊತ್ತು. ಬ್ಯಾಜಟನ ಪ್ರಜೆಗೆ ಗೊತ್ತಿರಬಾರದು. ಅದೇ 1867ರಲ್ಲಿ ಪಟ್ಟಣಗಳ ಕೂಲಿಕಾರರಲ್ಲಿ ಅನೇಕರಿಗೆ ಮತದ ಹಕ್ಕು ದೊರೆತಾಗ ಆತನಿಗುಂಟಾದ ಅಳುಕು 1872ರ ಮುದ್ರಣದ ಪ್ರಸ್ತಾವನೆಯಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಇಂದಿನ ಸಮರ್ಥಕರು ಆತನ ನಿರ್ಣಯವನ್ನು ಮಾತ್ರ ಎತ್ತಿಕೊಂಡು ಈ ಕಾರಣವನ್ನು ಮೆಲ್ಲನೆ ಕೈಬಿಡುವುದು ವಿನೋದವೇ ಸರಿ.

ಕಾರಣವು ಕೆಟ್ಟದ್ದಾದರೂ ಫಲ ಒಳ್ಳೆಯದಾಗಿರಬಹುದಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಸ್ಪೇನನ್ನು ಮುಂದಿಡುವುದು ವಾಡಿಕೆ. 1981ರ ಫೆಬ್ರವರಿ 23ರಂದು ಶಸ್ತ್ರಧಾರಿಗಳು ಪಾರ್ಲಿಮೆಂಟನ್ನು ಸೆರೆಹಿಡಿದಾಗ ದೊರೆ ಹ್ವಾನ್ ಕಾರ್ಲೋಸನು ನಡುರಾತ್ರಿ ಕಳೆದ ಮೇಲೆ ಸೇನಾಪತಿಯ ಉಡುಪಿನಲ್ಲಿ ದೂರದರ್ಶನದ ಮುಂದೆ ಬಂದು ರಾಜ್ಯಾಂಗದ ಪಕ್ಷ ವಹಿಸಿದನು, ದಂಗೆ ಕುಸಿಯಿತು. ಇದು ಸಣ್ಣ ಸಂಗತಿಯಲ್ಲ. ಆದರೆ ಆ ರಾತ್ರಿ ಕೆಲಸಕ್ಕೆ ಬಂದದ್ದು ಅಲಂಕಾರವಲ್ಲ, ಸೈನ್ಯದ ಮೇಲಿನ ಅಧಿಕಾರ. ಗ್ರೀಸಿನಲ್ಲಿ 1967ರ ಏಪ್ರಿಲ್‌ನಲ್ಲಿ ಸೇನಾಧಿಕಾರಿಗಳು ದಂಗೆಯೆದ್ದಾಗ ಅಲ್ಲಿನ ದೊರೆಯೇ ಅವರ ಸರಕಾರಕ್ಕೆ ಪ್ರಮಾಣವಚನ ಬೋಧಿಸಿದನು. ಡಿಸೆಂಬರಿನಲ್ಲಿ ಎದುರುಬಿದ್ದು ಸೋತನು. 1974ರ ಜನಮತಗಣನೆಯಲ್ಲಿ ಅರಸೊತ್ತಿಗೆಯೇ ಹೋಯಿತು. ಪದವಿ ಒಂದೇ, ಕುಳಿತವರು ಬೇರೆ. ಹುಟ್ಟು ಯಾರನ್ನು ಕೂರಿಸುವುದೆಂಬುದು ಜನತಂತ್ರದ ಕೈಯಲ್ಲಿಲ್ಲ.

ಅಧಿಕಾರವೇ ಇಲ್ಲದಿದ್ದರೆ ತೊಡಕೂ ಇಲ್ಲವೆನ್ನಬಹುದು. ಬೆಲ್ಜಿಯಮಿನ ಪ್ರಸಂಗ ಅದಕ್ಕೆ ಉತ್ತರ. 1990ರಲ್ಲಿ ಗರ್ಭಪಾತಕ್ಕೆ ಷರತ್ತಿನ ಅನುಮತಿ ಕೊಡುವ ಮಸೂದೆಗೆ ಪಾರ್ಲಿಮೆಂಟಿನ ಒಪ್ಪಿಗೆ ದೊರೆತಿತ್ತು. ದೊರೆ ಬೋದುವ್ಯಾನನು ತನ್ನ ಧರ್ಮಶ್ರದ್ಧೆಗೆ ವಿರುದ್ಧವೆಂದು ಸಹಿ ಹಾಕಲೊಲ್ಲದೆ ಹೋದನು. ಸಹಿಯಿಲ್ಲದೆ ಕಾನೂನಿಲ್ಲ. ಕೊನೆಗೆ ದೊರೆಯು ಆಳಲು ಅಶಕ್ತನೆಂದು ಸಾರಿ ಮಂತ್ರಿಗಳೇ ಸಹಿಮಾಡಿದರು. ಏಪ್ರಿಲ್ 5ರಂದು ಪಾರ್ಲಿಮೆಂಟು ಅವನನ್ನು ಪದವಿಗೆ ಮರಳಿಸಿತು. ಕಾಯಿಲೆಯಿಲ್ಲದ ಅಶಕ್ತಿ! ಯಾಂತ್ರಿಕವೆಂದು ತಿಳಿದಿದ್ದ ಲೇಖನಿಯ ಹಿಂದೆ ಒಂದು ಅಂತಃಕರಣವಿತ್ತು, ಅದಕ್ಕೆ ರಾಜ್ಯಾಂಗದಲ್ಲಿ ಸ್ಥಳವಿರಲಿಲ್ಲ. ಸ್ವೀಡನ್ ದೇಶವು 1974ರ ರಾಜ್ಯಾಂಗದಲ್ಲಿ ಆ ಲೇಖನಿಯನ್ನೇ ತೆಗೆದಿರಿಸಿತು: ಮಸೂದೆಗೆ ಸಹಿಯಾಗಲಿ ಪ್ರಧಾನಿಯ ನೇಮಕವಾಗಲಿ ಅಲ್ಲಿ ಅರಸನ ಕೆಲಸವಲ್ಲ, ಪ್ರಧಾನಿಯ ಹೆಸರನ್ನು ಸೂಚಿಸುವವನು ಸಭಾಧ್ಯಕ್ಷ. ಜನತಂತ್ರಕ್ಕೆ ನಿಜವಾಗಿ ಹೊಂದುವ ಅರಸೊತ್ತಿಗೆಯೆಂದರೆ ಇದೊಂದೇ ಎನ್ನಬೇಕು. ಇದರಲ್ಲಿ ಬ್ಯಾಜಟನ ಮೂರು ಹಕ್ಕುಗಳಿಗೆ ಎಡೆಯೇ ಇಲ್ಲ.

ಬ್ಯಾಜಟನ ಸ್ವದೇಶದಲ್ಲಿಯೇ ಎಚ್ಚರಿಸುವ ಹಕ್ಕು ಪರೀಕ್ಷೆಗೊಳಗಾಯಿತು. 2019ರ ಆಗಸ್ಟ್ 28ರಂದು ಪಾರ್ಲಿಮೆಂಟನ್ನು ಸುಮಾರು ಐದು ವಾರ ಮುಚ್ಚುವ ಸಲಹೆಗೆ ರಾಣಿ ಎರಡನೆಯ ಎಲಿಜಬೆತ್ ಸಮ್ಮತಿ ಕೊಟ್ಟರು. ಸೆಪ್ಟೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರು ಅದು ಕಾನೂನಿಗೆ ವಿರುದ್ಧವೆಂದು ಒಮ್ಮತದಿಂದ ತೀರ್ಪಿತ್ತರು. ಅರಮನೆಯ ಸಂಭಾಷಣೆ ಗೋಪ್ಯ; ಎಚ್ಚರಿಕೆಯ ಮಾತೊಂದು ನಡೆಯಿತೇ ಇಲ್ಲವೇ ಎಂದು ಪ್ರಜೆಯು ಕೇಳುವಂತಿಲ್ಲ. ಫಲಿಸಿದರೆ ಕಾಣದ, ವಿಫಲವಾದರೆ ಉತ್ತರಿಸದ ಹಕ್ಕನ್ನು ಜನತಂತ್ರದ ಲೆಕ್ಕಕ್ಕೆ ಹೇಗೆ ಸೇರಿಸುವುದು?

ಗೌರವ ಸೆಳೆಯುವ ಪದವಿಗೆ ವಂಶ ಬೇಕೇಬೇಕೆಂಬ ಆತನ ಎಣಿಕೆಗೆ ಕನ್ನಡನಾಡಿನಲ್ಲಿಯೇ ಒಂದು ಉತ್ತರವಿದೆ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು 1950ರಲ್ಲಿ ರಾಜಪ್ರಮುಖರಾದರು. 1956ರ ನವೆಂಬರ್ 1ರಂದು ಆ ಪದವಿಯೇ ರದ್ದಾದಾಗ ರಾಷ್ಟ್ರಪತಿಗಳ ನೇಮಕದಿಂದ ಹೊಸ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾದರು. ಮನೆತನದ ಆಳ್ವಿಕೆಯನ್ನೇ ಕಾಣದ ಧಾರವಾಡ, ಕಲಬುರಗಿ, ಮಂಗಳೂರುಗಳೂ ಆ ರಾಜ್ಯದಲ್ಲಿ ಸೇರಿದ್ದವು. 1964ರಲ್ಲಿ ಅವರು ಮದರಾಸಿನ ರಾಜ್ಯಪಾಲರಾಗಿ ಹೋದರು. ಅಲ್ಲಿ ಅವರ ಕೈಯಲ್ಲಿದ್ದುದು ನೇಮಕದ ಆಜ್ಞಾಪತ್ರವೊಂದೇ.