ಮುಖದ ಸುಕ್ಕು ಮತ್ತು ಶ್ರಾವಕನ ಪರಿಮಾಣ

ಮಂಗಳೂರು ನಗರಕ್ಕೆ ಚರ್ಮದ ಚಿಕಿತ್ಸೆ ಹೊಸದಲ್ಲ. ೧೮೮೦ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು ಇಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧ ನೀಡಲಾರಂಭಿಸಿದರು. ೧೮೯೦ರ ಹೊತ್ತಿಗೆ ಆ ಸೇವೆ ಕುಷ್ಠರೋಗಿಗಳ ಆಶ್ರಯಧಾಮವಾಗಿಯೂ ಬೆಳೆಯಿತು. ಊರು ದೂರವಿಟ್ಟ ಮುಖಗಳನ್ನು ಹತ್ತಿರ ಕರೆದು ಮಾಡಿದ ಶುಶ್ರೂಷೆ ಅದು. ಇಂದು ಅದೇ ನಗರದ ಚರ್ಮವೈದ್ಯರ ಬಾಗಿಲಿಗೆ ರೋಗಿಗಳ ಜೊತೆಗೆ ನಿರೋಗಿಗಳೂ ಬರುತ್ತಾರೆ. ಹುಬ್ಬುಗಳ ನಡುವಿನ ಗೆರೆ, ಹಣೆಯ ಮಡಿಕೆ, ಕಣ್ಣಿನ ಅಂಚಿನ ಸುಕ್ಕುಗಳನ್ನು ಅಳಿಸುವ ಬೊಟಾಕ್ಸ್ ಚುಚ್ಚುಮದ್ದು ಈಗ ಸಿರಿವಂತರ ಗುಟ್ಟಾಗಿ ಉಳಿದಿಲ್ಲ. ವಿದ್ಯಾವಂತ ಜೈನ ಕುಟುಂಬಗಳಲ್ಲಿಯೂ ಅದರ ಮಾತು ಕೇಳಿಬರುತ್ತದೆ. ‘ಇದು ಬೇಕೇ’ ಎಂಬ ಪ್ರಶ್ನೆ ಹಿಂದೆ ಸರಿದು, ‘ಎಷ್ಟು ತಿಂಗಳಿಗೊಮ್ಮೆ’ ಎಂಬ ಪ್ರಶ್ನೆ ಮುಂದೆ ಬಂದಿದೆ. ಈ ಎರಡನೆಯ ಪ್ರಶ್ನೆ ಮೇಲುನೋಟಕ್ಕೆ ಕೇವಲ ವೈದ್ಯಕೀಯವಾದದ್ದು. ವಿಚಾರಿಸಿದರೆ ಅದು ಶ್ರಾವಕಾಚಾರದ ಪ್ರಶ್ನೆಯೇ ಆಗಿದೆ.

ಮೊದಲು ವೈದ್ಯಶಾಸ್ತ್ರದ ಉತ್ತರವನ್ನು ಗಮನಿಸಬೇಕು. ಈ ಮದ್ದಿನ ಮೂಲದ್ರವ್ಯ ಬೊಟುಲಿನಮ್ ಎಂಬ ವಿಷ. ಕೆಟ್ಟ ಆಹಾರದಲ್ಲಿ ಬೆಳೆದು ಪ್ರಾಣಾಂತಿಕ ಪಾರ್ಶ್ವವಾಯುವನ್ನುಂಟುಮಾಡಬಲ್ಲ ಒಂದು ಬ್ಯಾಕ್ಟೀರಿಯಾ ಅದನ್ನು ಉತ್ಪಾದಿಸುತ್ತದೆ. ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿದಾಗ ಅದು ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಸ್ನಾಯು ಸಡಿಲಗೊಂಡಾಗ ಅದರ ಮೇಲಿನ ಚರ್ಮ ಮಡಿಚಿಕೊಳ್ಳುವುದಿಲ್ಲ. ಅಮೆರಿಕದ ನೇತ್ರವೈದ್ಯ ಅಲನ್ ಸ್ಕಾಟ್ ಇದನ್ನು ಮೆಳ್ಳೆಗಣ್ಣಿನ ಚಿಕಿತ್ಸೆಗಾಗಿ ರೂಪಿಸಿದರು. ೧೯೮೯ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ದೊರೆಯಿತು. ಕೆನಡಾದ ವೈದ್ಯ ದಂಪತಿಗಳಾದ ಜೀನ್ ಮತ್ತು ಅಲಾಸ್ಟೇರ್ ಕ್ಯಾರುಥರ್ಸ್ ಹುಬ್ಬಿನ ನಡುವಣ ಗೆರೆಗಳಿಗೆ ಇದರ ಬಳಕೆಯನ್ನು ೧೯೯೨ರಲ್ಲಿ ಪ್ರಕಟಿಸಿದರು. ಸೌಂದರ್ಯಕ್ಕಾಗಿ ಬಳಸಲು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ೨೦೦೨ರಲ್ಲಿ. ಕಣ್ಣುರೆಪ್ಪೆಯ ಸೆಳೆತ, ಮಕ್ಕಳ ಕೈಕಾಲುಗಳ ಬಿಗಿತ, ದೀರ್ಘಕಾಲದ ಅರೆತಲೆನೋವು ಮೊದಲಾದವುಗಳಲ್ಲಿ ಈ ಮದ್ದು ನಿಜವಾದ ಉಪಕಾರವನ್ನೇ ಮಾಡುತ್ತಿದೆ. ಇಲ್ಲಿನ ವಿಮರ್ಶೆ ಆ ಚಿಕಿತ್ಸೆಯನ್ನು ಕುರಿತದ್ದಲ್ಲ.

ಚುಚ್ಚಿದ ಕೆಲವು ದಿನಗಳಲ್ಲಿ ಪರಿಣಾಮ ಕಾಣತೊಡಗಿ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಉಳಿಯುತ್ತದೆ. ಅಷ್ಟರಲ್ಲಿ ನರದ ತುದಿಗಳು ಮತ್ತೆ ಕೆಲಸ ಆರಂಭಿಸಿ, ಸ್ನಾಯು ಚಲಿಸಿ, ಗೆರೆಗಳು ಮರಳುತ್ತವೆ. ಮೂರು ತಿಂಗಳಿಗಿಂತ ಬೇಗ ಮತ್ತೊಮ್ಮೆ ಚುಚ್ಚಬಾರದೆಂಬುದು ಸಾಮಾನ್ಯ ನಿಯಮ. ಪದೇ ಪದೇ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ದೇಹವು ಪ್ರತಿರೋಧ ಬೆಳೆಸಿಕೊಂಡು, ಮುಂದೆ ನಿಜವಾದ ರೋಗಕ್ಕೆ ಬೇಕಾದಾಗಲೂ ಮದ್ದು ಫಲಿಸದಿರಬಹುದು. ರೆಪ್ಪೆ ಜೋಲುವುದು, ತಲೆನೋವು ಮೊದಲಾದ ತೊಂದರೆಗಳುಂಟು. ಗರ್ಭಿಣಿಯರು ಮತ್ತು ನರಸ್ನಾಯು ರೋಗವುಳ್ಳವರು ಇದರಿಂದ ದೂರವಿರಬೇಕು. ತಜ್ಞ ವೈದ್ಯರ ಕೈಯಲ್ಲಲ್ಲದೆ ಬ್ಯೂಟಿ ಪಾರ್ಲರಿನಲ್ಲಿ ಸೂಜಿಗೆ ಮುಖ ಒಡ್ಡುವುದು ಅವಿವೇಕ. ಬಿಟ್ಟುಬಿಟ್ಟರೆ ಮುಖ ಮೊದಲಿಗಿಂತ ಕೆಡುತ್ತದೆಂಬ ಭಯಕ್ಕೆ ಮಾತ್ರ ಆಧಾರವಿಲ್ಲ. ಅದು ತನ್ನ ವಯಸ್ಸಿನ ಸ್ಥಿತಿಗೆ ಮರಳುತ್ತದೆ, ಅಷ್ಟೆ.

ಈ ಉತ್ತರ ಸರಿಯಾದುದು, ಆದರೆ ಅರ್ಧ ಮಾತ್ರ. ‘ಇದಕ್ಕಿಂತ ಬೇಗ ಬೇಡ’ ಎಂದು ವೈದ್ಯಶಾಸ್ತ್ರ ಹೇಳುತ್ತದೆ; ‘ಇಷ್ಟಕ್ಕೆ ಸಾಕು’ ಎಂದು ಅದು ಹೇಳುವುದಿಲ್ಲ. ನಾಲ್ಕು ತಿಂಗಳಿಗೊಮ್ಮೆ ಎಂದು ಮೂವತ್ತನೆಯ ವಯಸ್ಸಿನಲ್ಲಿ ಆರಂಭಿಸಿದವರು ಅರುವತ್ತು ತುಂಬುವಾಗ ತೊಂಬತ್ತು ಬಾರಿ ಸೂಜಿಗೆ ಮುಖವೊಡ್ಡಿರುತ್ತಾರೆ. ೧೬೦೪ರಲ್ಲಿ ತಿಮ್ಮರಾಜ ಅಜಿಲನು ವೇಣೂರಿನಲ್ಲಿ ನಿಲ್ಲಿಸಿದ ಬಾಹುಬಲಿಗೆ ೨೦೧೨ರಲ್ಲಿ ಒಮ್ಮೆ, ೨೦೨೪ರಲ್ಲಿ ಒಮ್ಮೆ ಮಹಾಮಸ್ತಕಾಭಿಷೇಕ ನಡೆಯಿತು. ಆ ಎರಡು ಅಭಿಷೇಕಗಳ ನಡುವೆ ಇಂಥ ಮುಖಕ್ಕೆ ಮೂವತ್ತಾರು ಬಾರಿ ಉಪಚಾರ ನಡೆದಿರುತ್ತದೆ!

ಮೇಲಿನ ಎಲ್ಲೆಯನ್ನು ಹಾಕಿಕೊಳ್ಳುವ ವಿದ್ಯೆಯನ್ನೇ ಜೈನಾಚಾರವು ಭೋಗೋಪಭೋಗ ಪರಿಮಾಣವೆಂದು ಕರೆದಿದೆ. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಅನುಭವಿಸುವಂಥದು ಉಪಭೋಗ. ಇವೆರಡಕ್ಕೂ ಗೃಹಸ್ಥನು ತಾನೇ ಮಿತಿ ಹಾಕಿಕೊಳ್ಳಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ತ್ಯಾಗದಲ್ಲಿ ಎರಡು ಬಗೆಗಳನ್ನು ಹೇಳುತ್ತದೆ: ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ. ‘ಎಷ್ಟು’, ‘ಎಷ್ಟು ಕಾಲ’ ಎಂಬ ಲೆಕ್ಕ ಶ್ರಾವಕನಿಗೆ ಹೊಸದಲ್ಲ. ಅದು ಅವನ ವ್ರತದ ಭಾಷೆಯೇ. ವ್ಯತ್ಯಾಸವಿರುವುದು ಒಂದೇ ಕಡೆ: ವ್ರತದಲ್ಲಿ ಎಲ್ಲೆಯನ್ನು ಹಾಕುವವನು ಶ್ರಾವಕ, ಇಲ್ಲಿ ಹಾಕುವುದು ಮದ್ದಿನ ಶಕ್ತಿ ಕುಂದುವ ದಿನ.

ಇದಕ್ಕೆ ಪ್ರತಿವಾದವೂ ಉಂಟು, ಅದೂ ಈ ಮಣ್ಣಿನದೇ. ಮೂಡಬಿದಿರೆಯ ರತ್ನಾಕರವರ್ಣಿಯ ಭರತೇಶವೈಭವದ ನಾಯಕನು ಅಲಂಕಾರವನ್ನು ತಿರಸ್ಕರಿಸಿದವನಲ್ಲ. ಅರಮನೆಯ ಸಕಲ ವೈಭವದ ನಡುವೆ ಇದ್ದೇ ಆತ್ಮಧ್ಯಾನಿಯಾದವನು. ಭೋಗದಲ್ಲಿ ಯೋಗ ಸಾಧ್ಯವಾದರೆ ಹಣೆಯ ಗೆರೆಯೊಂದನ್ನು ಅಳಿಸಿದ್ದರಿಂದ ಕೆಟ್ಟದ್ದೇನು ಎಂದು ಕೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಶೃಂಗಾರವೆಲ್ಲ ಪಾಪವೆಂದು ಗೃಹಸ್ಥರನ್ನು ಗದರುವುದು ರತ್ನಾಕರನ ನಾಡಿಗೆ ಒಪ್ಪದು. ಆದರೆ ಕಾವ್ಯವು ಭರತನನ್ನು ಮೆಚ್ಚುವುದು ವೈಭವ ಇದ್ದುದಕ್ಕಾಗಿ ಅಲ್ಲ, ಅದು ಅವನನ್ನು ಕಟ್ಟಿಹಾಕದಿದ್ದುದಕ್ಕಾಗಿ. ಕೊನೆಗೆ ಅದನ್ನು ಬಿಟ್ಟು ನಡೆಯಲು ಅವನಿಗೆ ಕಷ್ಟವಾಗುವುದಿಲ್ಲ. ಹೀಗೆ ರತ್ನಾಕರನ ಅಳತೆಗೋಲು ಸರಳವಾದದ್ದು: ಬಿಡಲು ಬರುತ್ತದೆಯೇ? ನಾಲ್ಕನೆಯ ತಿಂಗಳು ಕನ್ನಡಿಯ ಮುಂದೆ ಯಾರ ಮನಸ್ಸು ಅಳುಕುವುದಿಲ್ಲವೋ ಅವರು ಮಾತ್ರ ಭರತೇಶನ ಹೆಸರನ್ನು ಸಾಕ್ಷಿಗೆ ಕರೆಯಬಹುದು.

ಸನತ್ಕುಮಾರ ಚಕ್ರವರ್ತಿಯ ಕಥೆ ಇನ್ನೂ ಹತ್ತಿರದ್ದು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಅದೂ ಒಂದು. ಅವನ ರೂಪದ ಕೀರ್ತಿ ಕೇಳಿ ದೇವತೆಗಳು ನೋಡಲು ಬಂದರು. ಸ್ನಾನಕ್ಕೆ ಮೊದಲು ನಿರಾಭರಣನಾಗಿದ್ದಾಗ ಕಂಡ ಕಾಂತಿಯು, ಸಿಂಗರಿಸಿಕೊಂಡು ಸಭೆಗೆ ಬಂದಾಗ ಅವರಿಗೆ ಕುಂದಿದಂತೆ ಕಂಡಿತು. ಅಷ್ಟು ಹೊತ್ತಿನಲ್ಲಿಯೇ ರೂಪ ಕ್ಷಯಿಸಿತೆಂದು ತಿಳಿದ ಚಕ್ರವರ್ತಿ ವಿರಕ್ತನಾದ. ಮುನಿಯಾದ ಮೇಲೆ ದೇಹವನ್ನು ರೋಗಗಳು ಮುತ್ತಿದಾಗ ದೇವತೆಗಳು ವೈದ್ಯರ ವೇಷದಲ್ಲಿ ಬಂದು ಚಿಕಿತ್ಸೆ ಮಾಡುವುದಾಗಿ ಹೇಳಿದರು. ಭವರೋಗವನ್ನು ವಾಸಿಮಾಡಬಲ್ಲಿರಾ ಎಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಕಥೆ ವೈದ್ಯರನ್ನು ಹಳಿಯುವುದಿಲ್ಲ. ವೈದ್ಯದ ಎಲ್ಲೆ ಎಲ್ಲಿದೆಯೆಂದು ತೋರಿಸುತ್ತದೆ. ಗೆರೆಯನ್ನು ನೂರು ದಿನ ಮರೆಸುವ ಮದ್ದುಂಟು, ಗೆರೆಯ ಭಯವನ್ನು ಒಂದು ದಿನವೂ ಮರೆಸುವ ಮದ್ದು ಸೂಜಿಯಲ್ಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ೧೨೦೯ರಲ್ಲಿ ಜನ್ನನು ಬರೆದ ಯಶೋಧರ ಚರಿತೆಯಲ್ಲಿ ನರೆಗೂದಲನ್ನು ಕಂಡು ರಾಜ್ಯ ಬಿಡುವವನು ಯಶೌಘ. ರೂಪದ ಕ್ಷಯವನ್ನು ಕಂಡು ಎಚ್ಚರಗೊಳ್ಳುವವನು ಸನತ್ಕುಮಾರ. ಈ ಪರೀಕ್ಷೆಗೆ ನಿಂತವರು ಪುರುಷರು, ಅದೂ ಅರಸರು. ಇಂದಾದರೋ ಸುಕ್ಕಿನ ಮಾತು ಬಂದೊಡನೆ ಬೈಗುಳ ಬೀಳುವುದು ಸ್ತ್ರೀಯರ ಮೇಲೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಬಣ್ಣವನ್ನೂ ವಯಸ್ಸನ್ನೂ ಅಳೆಯುವವರು, ಮದುವೆಯ ಮಂಟಪದಲ್ಲಿ ‘ಎಷ್ಟು ಬಾಡಿಹೋಗಿದ್ದೀಯಲ್ಲ’ ಎಂದು ಎಲ್ಲರೆದುರು ಹೇಳುವವರು, ಅದೇ ಹೆಣ್ಣುಮಗಳು ಚುಚ್ಚುಮದ್ದಿಗೆ ಹೋದಾಗ ಧರ್ಮದ ಮಾತಾಡುವುದು ನ್ಯಾಯವಲ್ಲ. ಆ ಸೂಜಿಯನ್ನು ಹಿಡಿದ ಕೈಗಳಲ್ಲಿ ಕುಟುಂಬದ ಕೈಯೂ ಒಂದು.

ಇನ್ನು ಅಹಿಂಸೆಯ ಪ್ರಶ್ನೆ. ಇದು ಸೌಂದರ್ಯದ ಪ್ರಶ್ನೆಗಿಂತ ಗುರುತರವಾದುದು, ಆದರೆ ಹೆಚ್ಚಿನವರಿಗೆ ತಿಳಿಯದ್ದು. ಈ ಮದ್ದನ್ನು ‘ಯೂನಿಟ್’ಗಳಲ್ಲಿ ಅಳೆಯುತ್ತಾರೆ, ಹುಬ್ಬಿನ ನಡುವಣ ಗೆರೆಗಳಿಗೆ ಬೊಟಾಕ್ಸಿನ ರೂಢಿಯ ಪ್ರಮಾಣ ಇಪ್ಪತ್ತು ಯೂನಿಟ್. ಯೂನಿಟ್ ಎಂದರೇನು? ಚುಚ್ಚಲ್ಪಟ್ಟ ಇಲಿಗಳ ಗುಂಪಿನಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವೇ ಮೂಲತಃ ಒಂದು ಯೂನಿಟ್. ತಯಾರಾದ ಮದ್ದಿನ ಶಕ್ತಿಯನ್ನು ಪರೀಕ್ಷಿಸಲು ಹೀಗೆ ಇಲಿಗಳು ಸಾಯುತ್ತಿದ್ದವು. ೨೦೧೧ರಲ್ಲಿ ಬೊಟಾಕ್ಸಿನ ತಯಾರಕರಾದ ಅಲರ್ಗನ್ ಸಂಸ್ಥೆಯವರು ಇಲಿಗಳ ಬದಲು ಜೀವಕೋಶಗಳ ಮೇಲೆ ಪರೀಕ್ಷಿಸುವ ವಿಧಾನಕ್ಕೆ ಅಮೆರಿಕದಲ್ಲಿ ಅನುಮತಿ ಪಡೆದದ್ದು ಸ್ವಾಗತಾರ್ಹ. ಎಲ್ಲ ತಯಾರಕರೂ ಒಮ್ಮೆಗೇ ಆ ದಾರಿಗೆ ಬರಲಿಲ್ಲ. ಜೊತೆಗೆ ಬೊಟಾಕ್ಸಿನಲ್ಲಿ ಮಾನವ ರಕ್ತದಿಂದ ಪಡೆದ ಆಲ್ಬುಮಿನ್ ಎಂಬ ಪ್ರೋಟೀನೂ ಇದೆ. ಗಡ್ಡೆಗೆಣಸನ್ನು ಬಿಟ್ಟವರು, ಸೂರ್ಯಾಸ್ತದ ಬಳಿಕ ಉಣ್ಣದವರು ಇದನ್ನು ವಿಚಾರಿಸದೆ ಬಿಡಬಹುದೇ?

‘ತಾನು ಕೊಲ್ಲಲಿಲ್ಲ’ ಎಂಬ ಸಮಾಧಾನ ಇಲ್ಲಿ ಸಾಲದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನು ಯಾವ ಜೀವವನ್ನೂ ಕೊಲ್ಲಲಿಲ್ಲ. ಆದರೂ ಸಂಕಲ್ಪಹಿಂಸೆ ಅವನನ್ನು ಜನ್ಮ ಜನ್ಮಾಂತರಗಳಲ್ಲಿ ಅಲೆಸಿತು. ಮಾಡುವುದು, ಮಾಡಿಸುವುದು, ಅನುಮೋದಿಸುವುದು, ಈ ಮೂರನ್ನೂ ಜೈನಧರ್ಮ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ರೋಗ ಕಳೆಯಲು ಅನಿವಾರ್ಯವಾಗಿ ತಗಲುವ ಹಿಂಸೆಗೂ, ಗೆರೆ ಕಳೆಯಲು ಬೇಕೆಂದೇ ಒಪ್ಪಿಕೊಂಡ ಹಿಂಸೆಗೂ ಅಂತರವಿದೆ. ಎರಡನೆಯದು ಅನರ್ಥದಂಡದ ಹೊಸ್ತಿಲಲ್ಲಿ ನಿಂತಿದೆ. ಪ್ರತಿ ನಾಲ್ಕು ತಿಂಗಳಿಗೊಮ್ಮೆ ಅದನ್ನು ದಾಟಬೇಕೇ ಎಂಬುದೇ ‘ಎಷ್ಟು ಬಾರಿ’ ಎಂಬ ಪ್ರಶ್ನೆಯ ನಿಜವಾದ ತೂಕ.

ಹಾಗಾದರೆ ದಾರಿ ಯಾವುದು? ಈಗಾಗಲೇ ಆರಂಭಿಸಿದವರನ್ನು ಹಂಗಿಸುವುದರಿಂದ ಯಾರಿಗೂ ಹಿತವಾಗದು. ಅವರು ವೈದ್ಯರಲ್ಲಿ ಎರಡು ಮಾತು ಕೇಳಲಿ: ಈ ತಯಾರಿಕೆಯ ಶಕ್ತಿಯನ್ನು ಯಾವ ಬಗೆಯಲ್ಲಿ ಪರೀಕ್ಷಿಸಲಾಗಿದೆ, ಇದರಲ್ಲಿ ಏನೇನು ಸೇರಿದೆ. ಆ ಬಳಿಕ ಒಂದು ಚಾತುರ್ಮಾಸದ ಕಾಲ ಬಿಡುವ ನಿಯಮ ತೆಗೆದುಕೊಳ್ಳಲಿ. ಮದ್ದಿನ ಅವಧಿಯೂ ಸರಿಸುಮಾರು ಅಷ್ಟೇ ಆದ್ದರಿಂದ, ಚಾತುರ್ಮಾಸ ಮುಗಿಯುವಾಗ ಕನ್ನಡಿಯಲ್ಲಿ ಅವರದೇ ಮುಖವಿರುತ್ತದೆ. ಅದನ್ನು ಸಹಿಸಲು ಬಂದರೆ ನಿಯಮವನ್ನು ಮುಂದುವರಿಸುವುದೂ ಬರುತ್ತದೆ. ಇನ್ನೂ ಆರಂಭಿಸದವರು ‘ಎಷ್ಟು ಬಾರಿ’ ಎಂದು ಕೇಳುವ ಮೊದಲು ‘ಯಾರಿಗಾಗಿ’ ಎಂದು ಕೇಳಿಕೊಳ್ಳುವುದು ಲೇಸು. ಬಸದಿಗಳ ಆಡಳಿತ ಮಂಡಳಿಗಳು ಪರ್ಯೂಷಣದ ಉಪನ್ಯಾಸಗಳಲ್ಲಿ ಈ ವಿಷಯಕ್ಕೆ ಒಂದು ಗಂಟೆ ಮೀಸಲಿಟ್ಟು ಚರ್ಮವೈದ್ಯರೊಬ್ಬರನ್ನೂ ವಿದ್ವಾಂಸರೊಬ್ಬರನ್ನೂ ಒಂದೇ ವೇದಿಕೆಗೆ ಕರೆದರೆ ಉಪಕಾರವಾದೀತು. ಆ ದಿನ ಗಂಡಸರೂ ಮುಂದಿನ ಸಾಲಿನಲ್ಲಿ ಕುಳಿತು ಕೇಳಬೇಕು.

ಯಶೌಘನಿಗೆ ಕಂಡದ್ದು ಒಂದೇ ನರೆಗೂದಲು. ಅದನ್ನು ಕಿತ್ತೆಸೆದು ಸಿಂಹಾಸನದಲ್ಲಿ ಉಳಿಯುವುದು ಅವನಿಗೆ ಅಸಾಧ್ಯವೇನೂ ಆಗಿರಲಿಲ್ಲ. ಅವನು ಅದನ್ನು ಕಾಲದ ಓಲೆಯೆಂದು ಓದಿಕೊಂಡ. ಗೃಹಸ್ಥರೆಲ್ಲರೂ ಅವನಂತೆ ಕಾಡಿಗೆ ಹೋಗಬೇಕಿಲ್ಲ. ಬಂದ ಓಲೆಯನ್ನು ಓದದೆ ಹರಿಯದಿದ್ದರೆ ಸಾಕು.