ಪುಟ ದಾಟಿಸುವ ಕುಶಲತೆ

ಮುಂಬೈಯ ಪರೇಲ್‌ನ ಕೆಇಎಂ, ಟಾಟಾ ಮೆಮೋರಿಯಲ್ ಆಸ್ಪತ್ರೆಗಳ ಆಸುಪಾಸಿನ ಲ್ಯಾಬ್ ಕೌಂಟರುಗಳಲ್ಲಿ ಕೂತವರ ಕೆಲಸ ನೋಡಿ: ನೋಂದಣಿ, ಬಿಲ್ಲು, ವರದಿ, ಮತ್ತೆ ನೋಂದಣಿ. ಎದುರಿಗೆ ಸರದಿ ಬೆಳೆಯುತ್ತಿರುವಾಗ ಕಂಪ್ಯೂಟರಿನ ಪುಟ ತಡವರಿಸದೆ ಬದಲಾಗಬೇಕು. ಅಂಥ ಸರಾಗಕ್ಕೆ ನಾನು ಮನಸಾರೆ ಮೆಚ್ಚುವ ಕಸುಬೊಂದಿದೆ, ಎಂವಿವಿಎಂ: ಮಾಹಿತಿಯನ್ನು ಹಿಡಿದ ಮಾಡೆಲ್, ಕಣ್ಣಿಗೆ ಕಾಣುವ ಪುಟವಾದ ವ್ಯೂ, ಆ ಪುಟದ ಹಿಂದಿನ ಸ್ಥಿತಿ-ನಿಯಮಗಳನ್ನು ನೋಡಿಕೊಳ್ಳುವ ವ್ಯೂಮಾಡೆಲ್.

ಮೈಕ್ರೋಸಾಫ್ಟ್‌ನ ಜಾನ್ ಗಾಸ್ಮನ್ 2005ರಲ್ಲಿ ಇದನ್ನು ಬರೆದು ಪರಿಚಯಿಸಿದರು. ಮರುವರ್ಷ, ವಿಂಡೋಸ್‌ನಲ್ಲಿ ಇಂಥ ಪುಟಗಳನ್ನು ಕಟ್ಟುವ ಮೈಕ್ರೋಸಾಫ್ಟ್‌ನ ಚೌಕಟ್ಟು ಡಬ್ಲ್ಯುಪಿಎಫ್ ಬಂತು. ಹಳೆಯ ರೀತಿಯಲ್ಲಿ ಗುಂಡಿಯ ಹಿಂದಿನ ಕೋಡೇ ಮುಂದಿನ ಕಿಟಕಿಯನ್ನು ತೆರೆಯುತ್ತಿತ್ತು. ಪುಟಗಳು ಒಂದಕ್ಕೊಂದು ಅಂಟಿಕೊಂಡು, ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತಿತ್ತು.

ಎಂವಿವಿಎಂ ರೀತಿಯಲ್ಲಾದರೆ ಮುಖ್ಯ ಕಿಟಕಿಯಲ್ಲಿ ಒಂದು ಖಾಲಿ ಜಾಗ, ಕಂಟೆಂಟ್‌ಕಂಟ್ರೋಲ್. ‘ಈಗಿನ ವ್ಯೂಮಾಡೆಲ್’ ಎಂಬ ಒಂದೇ ಪ್ರಾಪರ್ಟಿಗೆ ಅದು ಬೈಂಡ್ ಆಗಿರುತ್ತದೆ. ಬಿಲ್ಲಿನ ಗುಂಡಿ ಒತ್ತಿದಾಗ ಕಮಾಂಡ್ ಅಲ್ಲಿ ಬಿಲ್ಲಿನ ವ್ಯೂಮಾಡೆಲ್ ಇಡುತ್ತದೆ, ಬದಲಾವಣೆಯ ಸುದ್ದಿ ಹೊರಡುತ್ತದೆ, ಡೇಟಾಟೆಂಪ್ಲೇಟ್ ತಕ್ಕ ಪುಟವನ್ನು ತಂದು ಕೂರಿಸುತ್ತದೆ. ವ್ಯೂಮಾಡೆಲ್‌ಗೆ ಪುಟದ ಬಣ್ಣ ಗೊತ್ತಿಲ್ಲ, ಪುಟಕ್ಕೆ ಮುಂದಿನ ದಾರಿ ಗೊತ್ತಿಲ್ಲ. ಈ ಅರಿಯದಿರುವಿಕೆಯೇ ನನಗೆ ಬಲು ಇಷ್ಟ. ‘ಹೆಸರು ತುಂಬದೆ ಬಿಲ್ಲಿಗೆ ಹೋಗಕೂಡದು’ ಎಂಬ ನಿಯಮವನ್ನು ಒಂದು ಕಿಟಕಿಯನ್ನೂ ತೆರೆಯದೆ ಯೂನಿಟ್ ಟೆಸ್ಟಿನಲ್ಲೇ ಪರೀಕ್ಷಿಸಬಹುದು.

ಬಿಟ್ಟ ಪುಟದ ಇವೆಂಟ್ ಕೊಂಡಿಗಳನ್ನು ಕಳಚಬೇಕು, ಇಲ್ಲದಿದ್ದರೆ ಬೇಡವಾದ ಹಳೆಯ ವ್ಯೂಮಾಡೆಲ್‌ಗಳೂ ಮೆಮೊರಿಯಲ್ಲೇ ಉಳಿದುಬಿಡುತ್ತವೆ. ಆ ಎಚ್ಚರವಿದ್ದರೆ ಹಿಂದಕ್ಕೆ ಮರಳುವುದು ಇನ್ನೂ ಚೆಂದ. ದಾಟಿಬಂದ ವ್ಯೂಮಾಡೆಲ್‌ಗಳನ್ನು ಸ್ಟ್ಯಾಕ್‌ನಲ್ಲಿ ಪೇರಿಸಿಟ್ಟು, ಮೇಲಿನದನ್ನು ತೆಗೆದು ಮತ್ತೆ ಇಟ್ಟರಾಯಿತು. ಅರ್ಧ ತುಂಬಿದ ಹೆಸರು, ವಯಸ್ಸು, ಊರು ಇದ್ದಲ್ಲೇ ಇರುತ್ತವೆ. ಬೆಳಗಾವಿಯಿಂದಲೋ ಕಲಬುರಗಿಯಿಂದಲೋ ರಾತ್ರಿಯೆಲ್ಲ ಪ್ರಯಾಣಿಸಿ ಬಂದ ರೋಗಿಗೆ ಅದನ್ನೇ ಎರಡನೆಯ ಸಲ ಹೇಳುವ ಪಾಡು ತಪ್ಪುತ್ತದೆ.